ಗುವಾಂಗ್‌ಝೌನಲ್ಲಿ ಅರ್ಧ ದಿನ: ಯಾವ ಬೌದ್ಧ ದೇವಾಲಯ?

ಚೀನಾದ ಗುವಾಂಗ್‌ಝೌನಲ್ಲಿ (ಹಳೆಯ ಹೆಸರು ಕ್ಯಾಂಟನ್) ನಡೆಯುವ ಕ್ಯಾಂಟನ್ ವ್ಯಾಪಾರ ಮೇಳಕ್ಕೆ ಸರಕು ನೋಡಲು ಹೋಗುವ ನಮ್ಮಂಥವರಿಗೆ ಅಲ್ಲಿ ಅರ್ಧ ದಿನ ಬಿಡುವು ಸಿಕ್ಕರೆ ಅದೇ ದೊಡ್ಡದು. ಆ ಹೊತ್ತಿಗೆ ಗುವಾಂಗ್‌ಷ್ಯಾವೊ, ಲಿಯುರಾಂಗ್, ಹುವಾಲಿನ್ ಎಂಬ ಮೂರು ಹಳೆಯ ಬೌದ್ಧ ದೇವಾಲಯಗಳ ಹೆಸರು ಕೇಳಿಬರುತ್ತದೆ. ಮೂರನ್ನೂ ಸುತ್ತಿದ್ದೇನೆ. ನನ್ನ ಮತ ಗುವಾಂಗ್‌ಷ್ಯಾವೊಗೆ.

ಹುವಾಲಿನ್‌ಗೆ ನನ್ನನ್ನು ಎಳೆದದ್ದು ಚೀನಾದ ಝೆನ್ ಬೌದ್ಧ ಪಂಥದ ಮೊದಲ ಗುರು ಎನ್ನಲಾಗುವ ಬೋಧಿಧರ್ಮ. ಕಂಚಿಯ ರಾಜಕುಮಾರ ಎಂದು ಪರಂಪರೆ ಹೇಳುವ ಆ ಭಿಕ್ಷು ಆರನೇ ಶತಮಾನದಲ್ಲಿ ಹಡಗಿನಿಂದ ಇಳಿದದ್ದು ಇಲ್ಲೇ ಅಂತೆ. ಕಂಚಿ ನಮಗೆ ದೂರದ ಊರೇನಲ್ಲವಲ್ಲ, ಆಸೆ ಸಹಜ. ಆದರೆ ದೇವಾಲಯ ಸಿಗಬೇಕಲ್ಲ! ಮೊಬೈಲ್ ನಕ್ಷೆಯ ನೀಲಿ ಚುಕ್ಕೆಯ ಪ್ರಕಾರ ನಾನು ಬುದ್ಧನ ಎದುರೇ ನಿಂತಿದ್ದೆ. ಕಣ್ಣೆದುರು ಇದ್ದದ್ದು ಜೇಡ್ ಎಂಬ ಹಸಿರು ಕಲ್ಲಿನ ಬಳೆಗಳ ಅಂಗಡಿ. ಎಡಕ್ಕೆ ಹೋದರೂ ಜೇಡ್, ಬಲಕ್ಕೆ ಹೋದರೂ ಜೇಡ್. ದೇವಾಲಯದ ಸುತ್ತಲಿನ ಗಲ್ಲಿಗಳೆಲ್ಲ ಅದೇ ಮಾರುಕಟ್ಟೆ.

ಕಾರಣ ಆಮೇಲೆ ತಿಳಿಯಿತು. ಚೀನಾದಲ್ಲಿ ಪ್ರಕಟವಾಗುವ ನಕ್ಷೆಗಳು ಅಲ್ಲಿನ ಸರ್ಕಾರ ವಿಧಿಸಿದ ಬೇರೆ ಅಕ್ಷಾಂಶ-ರೇಖಾಂಶ ಲೆಕ್ಕವನ್ನು ಅನುಸರಿಸಬೇಕು. ಜಿಪಿಎಸ್ ತೋರಿಸುವ ಜಾಗಕ್ಕೂ ಅದಕ್ಕೂ ನೂರಾರು ಮೀಟರ್ ವ್ಯತ್ಯಾಸ. ಅದನ್ನು ಸರಿದೂಗಿಸದ ಹೊರದೇಶದ ನಕ್ಷೆ ಹೆದ್ದಾರಿಯಲ್ಲಿ ಹೇಗೋ ನಡೆದೀತು, ಗಲ್ಲಿಯಲ್ಲಿ ಕೈಕೊಡುತ್ತದೆ. ಬಾಯಿಬಿಟ್ಟು ಕೇಳೋಣವೆಂದರೆ ನನ್ನ ಉಚ್ಚಾರಣೆಯಲ್ಲಿ ‘ಹುವಾಲಿನ್’ ಯಾವ ಅಂಗಡಿಯವನಿಗೂ ಅರ್ಥವಾಗಲಿಲ್ಲ. ಕೊನೆಗೆ ಹೋಟೆಲಿನ ಕೌಂಟರಿನಲ್ಲಿ ಬರೆಸಿಕೊಂಡಿದ್ದ ಚೀನೀ ಅಕ್ಷರಗಳ ಚೀಟಿ ತೋರಿಸಿದೆ. ಒಬ್ಬ ಅಜ್ಜಿ ತೋಳು ಹಿಡಿದು ಬಾಗಿಲವರೆಗೂ ಬಿಟ್ಟು ಹೋದರು. ಆದ್ದರಿಂದ ಹೊರಡುವ ಮೊದಲೇ ಹೆಸರುಗಳನ್ನು ಚೀನೀ ಲಿಪಿಯಲ್ಲಿ ಮೊಬೈಲ್‌ಗೆ ಇಳಿಸಿಕೊಳ್ಳಿ, ನಕ್ಷೆಯೂ ಚೀನಾದ್ದೇ ಇರಲಿ.

ಒಳಗೆ ಐನೂರು ಅರ್ಹಂತರ, ಅಂದರೆ ಮುಕ್ತಿ ಪಡೆದ ಬುದ್ಧಶಿಷ್ಯರ, ಮೂರ್ತಿಗಳ ಸಭಾಂಗಣ ಚೆನ್ನಾಗಿದೆ. ಅದರಾಚೆ ಹೆಚ್ಚೇನಿಲ್ಲ.

ಲಿಯುರಾಂಗ್‌ನಲ್ಲಿ ನೋಡಬೇಕಾದದ್ದು ಗೋಪುರ. ಕ್ರಿ.ಶ. 537ರ ಮೂಲ ಕಟ್ಟಡ ಸುಟ್ಟುಹೋಗಿ 1097ರಲ್ಲಿ ಮತ್ತೆ ಎದ್ದದ್ದು. ಹೊರಗಿನಿಂದ ಒಂಬತ್ತು ಅಂತಸ್ತು, ಒಳಗೆ ಹದಿನೇಳು. ನಾನು ಹೋದಾಗ ಹತ್ತಲು ಬಿಡಲಿಲ್ಲ. ಕವಿ ಸು ಡೊಂಗ್‌ಪೊ 1100ರಲ್ಲಿ ಇಲ್ಲಿನ ಆರು ಆಲದ ಮರಗಳನ್ನು ಮೆಚ್ಚಿ ಬರೆದ ಎರಡು ಅಕ್ಷರಗಳೇ ದೇವಾಲಯದ ಹೆಸರಾಗಿವೆ. ಅಂಗಳ ಇಕ್ಕಟ್ಟು, ಊದುಬತ್ತಿಯ ಹೊಗೆಗೆ ನನ್ನ ಕಣ್ಣು ಉರಿಯಿತು.

ಗುವಾಂಗ್‌ಷ್ಯಾವೊದಲ್ಲಿ ಮೊದಲು ಸಿಗುವುದು ಜಾಗ. ದೊಡ್ಡ ಅಂಗಳ, ಹಳೆಯ ಮರಗಳು, ಕೂರಲು ನೆರಳು. 502ರಲ್ಲಿ ಭಾರತದ ಭಿಕ್ಷುವೊಬ್ಬ ತಂದು ನೆಟ್ಟನೆಂಬ ಅರಳಿ ಮರದ ಜಾಗದಲ್ಲಿ ಈಗಲೂ ಅರಳಿ ಮರವಿದೆ, ಮೂಲದ್ದಲ್ಲ. ಝೆನ್ ಪಂಥದಲ್ಲಿ ಬೋಧಿಧರ್ಮನಿಂದ ಎಣಿಸಿದರೆ ಆರನೆಯ ಗುರುವಾದ ಹುಯ್‌ನೆಂಗ್ ಆ ಮೂಲ ಮರದಡಿಯಲ್ಲೇ 676ರಲ್ಲಿ ತಲೆ ಬೋಳಿಸಿಕೊಂಡು ದೀಕ್ಷೆ ಪಡೆದ. ಆ ಕೂದಲನ್ನು ಹೂತ ಜಾಗದಲ್ಲೊಂದು ಪುಟ್ಟ ಗೋಪುರವಿದೆ. ಅಲುಗುತ್ತಿರುವುದು ಗಾಳಿಯೋ ಧ್ವಜವೋ ಎಂದು ಜಗಳವಾಡುತ್ತಿದ್ದ ಭಿಕ್ಷುಗಳಿಗೆ ‘ಎರಡೂ ಅಲ್ಲ, ನಿಮ್ಮ ಮನಸ್ಸು’ ಎಂದು ಅವನು ಹೇಳಿದ ಕಥೆ ನಡೆದದ್ದೂ ಇಲ್ಲೇ. 963 ಮತ್ತು 967ರ ಎರಡು ಕಬ್ಬಿಣದ ಗೋಪುರಗಳಿವೆ. ಎರಕದ ಕೆಲಸ ಗೊತ್ತಿರುವವರು ಅವುಗಳ ಮುಂದಿನಿಂದ ಬೇಗ ಕದಲುವುದಿಲ್ಲ. ಬೋಧಿಧರ್ಮ ಭಿಕ್ಷಾಪಾತ್ರೆ ತೊಳೆದನೆಂಬ ಬಾವಿಯೂ ಇಲ್ಲಿದೆ, ಅಂದರೆ ನಾನು ಹುವಾಲಿನ್‌ನಲ್ಲಿ ಹುಡುಕಿದ್ದು ಜೇಡ್ ಗಲ್ಲಿಗಳ ಕಾಟವಿಲ್ಲದೆ ಇಲ್ಲೇ ಸಿಕ್ಕಂತಾಯಿತು.

ಟ್ಯಾಕ್ಸಿಗೆ ಹಣ ಸುರಿಯುವುದು ನನ್ನ ಜಾಯಮಾನವಲ್ಲ. ಮೆಟ್ರೊ ಒಂದನೇ ಮಾರ್ಗದಲ್ಲಿ ಶಿಮೆನ್‌ಕೌ ನಿಲ್ದಾಣಕ್ಕೆ ಇಳಿದರೆ ಗುವಾಂಗ್‌ಷ್ಯಾವೊ ಕೆಲವೇ ನಿಮಿಷದ ನಡಿಗೆ, ಟಿಕೆಟಿಗೆ ನಾನು ಕೊಟ್ಟದ್ದು ಐದು ಯುವಾನ್. ಲಿಯುರಾಂಗ್ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಹೊತ್ತು ಉಳಿದರೆ ನೋಡಿ. ಹುವಾಲಿನ್‌ಗೆ ಮಾತ್ರ, ಮನೆಯವರಿಗೆ ಜೇಡ್ ಬಳೆ ಕೊಳ್ಳುವುದಿದ್ದರೆ ಹೋಗಿ.