ಮಕ್ಕಳ ಬೈಬಲ್ ಪಾಠದ ಸೆಟ್: ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ

ಮಕ್ಕಳಿಗೆ ಬೈಬಲ್ ಪಾಠದ ಪುಸ್ತಕ ತಗೊಳ್ಳುವಾಗ ಮುಖಪುಟದ ಮೇಲಿನ ವಯಸ್ಸು ನೋಡಿ ದುಡ್ಡು ಕೊಡಬೇಡಿ. ಒಳಗೆ ನಾಲ್ಕು ಪುಟ ತಿರುವಿ, ಆಮೇಲೆ ಕೊಡಿ. ಆ ವಯಸ್ಸಿನ ಅಂಕಿಗಳ ಮೇಲಿನ ಸಿಟ್ಟಿಗೇ ನಾನು ಇದನ್ನು ಬರೆಯಲು ಕೂತಿದ್ದು.

ನಮ್ಮ ಮನೆ ಹುಬ್ಬಳ್ಳಿ ಕೇಶ್ವಾಪುರದಲ್ಲಿ. ಚಿಕ್ಕವನಿಗೆ 5, ಮಗಳಿಗೆ 9, ದೊಡ್ಡವನಿಗೆ 13. ಸಂಡೇ ಸ್ಕೂಲ್ ವಾರಕ್ಕೆ ಒಂದು ತಾಸು. ಅದರಲ್ಲಿ ಹಾಡು, ಹಾಜರಿ, ಗಲಾಟೆ ಎಲ್ಲ ಕಳೆದರೆ ಪಾಠಕ್ಕೆ ಉಳಿಯೋದು ಇಷ್ಟೇ ಇಷ್ಟು. ಹಾಗಾಗಿ ರಾತ್ರಿ ಊಟ ಆದ ಮೇಲೆ ಮನೆಯಲ್ಲೂ ಸ್ವಲ್ಪ ಹೊತ್ತು ಕೂರೋದು ನಮ್ಮ ರೂಢಿ. ಮೂರು ವಯಸ್ಸಿಗೆ ಮೂರು ಪುಸ್ತಕ ಇರುವ ಸೆಟ್ ಕಣ್ಣಿಗೆ ಬಿದ್ದಾಗ ನಮಗೇ ಅಂತ ಮಾಡಿದ ಹಾಗಿತ್ತು. 4ರಿಂದ 6, 7ರಿಂದ 11, 12ರಿಂದ 15. ಬೆಲೆ 500ಕ್ಕೆ ಸ್ವಲ್ಪ ಕಡಿಮೆ. ಬಿಡಿಯಾಗಿ ಕೊಡೋದಿಲ್ಲ, ಮೂರೂ ಸೇರಿಯೇ ತಗೋಬೇಕು. ಪ್ರಕಾಶಕರ ಹೆಸರು ಬೇಡ. ಇಂಥ ಸೆಟ್‌ಗಳು ಬೇರೆ ಬೇರೆ ಹೆಸರಲ್ಲಿ ಬರುತ್ತವೆ, ಒಳಗಿನ ಹೂರಣ ಹೆಚ್ಚುಕಡಿಮೆ ಒಂದೇ. ಎಷ್ಟು ಪುಟ, ಎಷ್ಟು ಪಾಠ ಅನ್ನೋದು ಹಿಂದಿನ ರಟ್ಟಿನ ಮೇಲೇ ಇರುತ್ತೆ, ಅಲ್ಲೇ ನೋಡಿಕೊಳ್ಳಿ.

ಮೊದಲನೆಯದು ಬಣ್ಣ ಹಚ್ಚುವ ಪುಸ್ತಕ. ಶುರುವಿನ ಪುಟಗಳಲ್ಲೇ ಅಬ್ರಹಾಮ ದೇವರ ಮಾತಿನಂತೆ ಬಲಿ ಕೊಡಲು ಮಗ ಇಸಾಕನ ಮೇಲೆ ಕತ್ತಿ ಎತ್ತಿ ನಿಂತ ಚಿತ್ರ. ಕತ್ತಿಗೆ ಯಾವ ಬಣ್ಣ ಅಂತ ನಮ್ಮ ಚಿಕ್ಕವನು ಕೇಳಿದ. ಬೂದಿ ಬಣ್ಣ ಅಂದೆ. ಅರ್ಧ ಹಚ್ಚಿ ಕ್ರೆಯಾನ್ ಕೆಳಗಿಟ್ಟು, “ಪಪ್ಪಾನೂ ಹಿಂಗ ಮಾಡ್ತಾನೇನು ಮಮ್ಮಿ?” ಅಂದ. ಏನು ಹೇಳೋದು? ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ ಈ 22ನೇ ಅಧ್ಯಾಯ ದೊಡ್ಡವರ ಗಂಟಲಲ್ಲೇ ಸಲೀಸಾಗಿ ಇಳಿಯುವ ಕಥೆಯಲ್ಲ. ಅದನ್ನು 4 ವರ್ಷದ ಮಗುವಿಗೆ ಬಣ್ಣ ಹಚ್ಚಲು ಕೊಟ್ಟವರಿಗೆ ಮನೆಯಲ್ಲಿ ಸಣ್ಣ ಮಕ್ಕಳಿಲ್ಲ ಅನ್ನಿಸುತ್ತೆ. ಈ ವಯಸ್ಸಿಗೆ ಬೇರೆ ಕಥೆಗಳು ಬೇಕಾದಷ್ಟಿವೆ. ಬುಟ್ಟಿಯಲ್ಲಿ ತೇಲಿದ ಕೂಸು ಮೋಶೆ, ನೂರರಲ್ಲಿ ತಪ್ಪಿಸಿಕೊಂಡ ಒಂದು ಕುರಿ, ಯೇಸುವನ್ನು ನೋಡೋಕೆ ಮರ ಹತ್ತಿದ ಕುಳ್ಳ ಜಕ್ಕಾಯ. ಜಕ್ಕಾಯ ಈ ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ತಕರಾರು ಕಾಗದದ್ದು. ತೆಳ್ಳಗಿದೆ, ಸಾಲದ್ದಕ್ಕೆ ಎರಡೂ ಬದಿ ಅಚ್ಚು ಹಾಕಿದ್ದಾರೆ. ಸ್ಕೆಚ್ ಪೆನ್ ಇಟ್ಟರೆ ಹಿಂದಿನ ಪುಟದ ನೋಹನ ಮುಖಕ್ಕೂ ನೀಲಿ.

ಆದರೂ ಈ ಪುಸ್ತಕ ನಮ್ಮ ಮನೆಯಲ್ಲಿ ದಿನಾ ಬಳಕೆಯಲ್ಲಿದೆ. ನಾನು ಸಣ್ಣವಳಿದ್ದಾಗ ನಮ್ಮ ಸಂಡೇ ಸ್ಕೂಲ್ ಟೀಚರ್ ಫ್ಲಾನೆಲ್ ಬಟ್ಟೆಯ ಬೋರ್ಡ್ ಮೇಲೆ ಚಿತ್ರ ಅಂಟಿಸುತ್ತಾ ಕಥೆ ಹೇಳುತ್ತಿದ್ದರು. ಅದನ್ನೇ ಮಾಡಿದೆ. ದುರ್ಗದಬೈಲಿನಲ್ಲಿ ಒಂದು ಮೀಟರ್ ಹಸಿರು ಫ್ಲಾನೆಲ್ ತಂದು, ಹಳೇ ಪ್ಲೈವುಡ್ ತುಂಡಿಗೆ ಬಿಗಿಯಾಗಿ ಎಳೆದು ಮೊಳೆ ಹೊಡೆದದ್ದಾಯಿತು. ಪುಸ್ತಕದ ಚಿತ್ರಗಳನ್ನು ಜೆರಾಕ್ಸ್ ಮಾಡಿಸಿ, ಬಣ್ಣ ಹಚ್ಚಿ, ರಟ್ಟಿಗೆ ಅಂಟಿಸಿ ಕತ್ತರಿಸಬೇಕು. ಜೆರಾಕ್ಸ್ ಬಿಡಬೇಡಿ. ಎರಡು ಬದಿ ಅಚ್ಚು ಅಂದೆನಲ್ಲ, ಪುಸ್ತಕವನ್ನೇ ಕತ್ತರಿಸಿದರೆ ದಾವೀದನ ಹಿಂದೆ ದಾನಿಯೇಲನ ತಲೆ ಹೋಗುತ್ತೆ. ರಟ್ಟಿನ ಬೆನ್ನಿಗೆ ಸ್ಯಾಂಡ್ ಪೇಪರಿನ ಚೂರು, ಒರಟು ಬದಿ ಹೊರಗೆ ಬರುವ ಹಾಗೆ. ಬಟ್ಟೆ ಮೇಲೆ ಇಟ್ಟು ಮೆಲ್ಲಗೆ ಒತ್ತಿದರೆ ಸಾಕು, ಕಚ್ಚಿಕೊಂಡು ನಿಲ್ಲುತ್ತೆ.

ಈ ಚಿತ್ರಗಳೆಲ್ಲ ಖಾಲಿ ಧಾರವಾಡ ಪೇಡೆ ಡಬ್ಬಿಯಲ್ಲಿವೆ. ಊಟದ ತಾಟು ಎತ್ತಿ ನೆಲ ಒರೆಸುವಷ್ಟರಲ್ಲಿ ಚಿಕ್ಕವನು ಜೋಳದ ಡಬ್ಬಿಗೆ ಬೋರ್ಡ್ ಒರಗಿಸಿ ರೆಡಿ. ಯಾವ ಕಥೆ ಅಂತ ಕೇಳುವ ಹಾಗೇ ಇಲ್ಲ, ದೊಡ್ಡ ಮೀನು ನುಂಗಿದ ಯೋನನೇ. ಪುಸ್ತಕ ಮೀನಿನ ಹೊಟ್ಟೆಗೇ ಕಥೆ ನಿಲ್ಲಿಸುತ್ತೆ. ಬೈಬಲ್‌ನಲ್ಲಿ ಯೋನನಿಗೆ 4 ಅಧ್ಯಾಯ ಇವೆ. ಕೊನೆಯದರಲ್ಲಿ ಅವನ ತಲೆಗೆ ನೆರಳಾದ ಗಿಡವನ್ನು ರಾತ್ರಿ ಕಳೆಯೋದರಲ್ಲಿ ಒಂದು ಹುಳ ಕೊರೆದು ಒಣಗಿಸುತ್ತೆ. ಆ ಹುಳವನ್ನು ನಾನೇ ಬರೆದು ಸೇರಿಸಿದೆ. ಈಗ ಮೀನಿಗಿಂತ ಹುಳಕ್ಕೇ ಬೇಡಿಕೆ ಜಾಸ್ತಿ. ಹುಳವನ್ನು ಗಿಡಕ್ಕೆ ಒತ್ತುವ ಕೆಲಸ ಅವನದೇ, ಬೇರೆ ಯಾರೂ ಮುಟ್ಟುವ ಹಾಗಿಲ್ಲ.

ಎರಡನೇ ಪುಸ್ತಕ, 7ರಿಂದ 11. ನನಗೆ ತಲೆಕೆಟ್ಟಿದ್ದು ಇದರಿಂದ. ಮೊದಲ ಪುಟದಿಂದ ಕೊನೆ ಪುಟದವರೆಗೆ ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ. ಬಿಟ್ಟ ಸ್ಥಳದಲ್ಲಿ ಅಕ್ಷರಕ್ಕೊಂದು ಚೌಕ. ಉತ್ತರಗಳೆಲ್ಲ ಪುಟದ ಮೇಲ್ಗಡೆ ಒಂದು ಡಬ್ಬಿಯಲ್ಲಿ ಕೊಟ್ಟೇ ಇದ್ದಾರೆ. ಮಗಳು ಬೈಬಲ್ ತೆಗೆಯದೇ ಒಂದು ಪಾಠ ಮುಗಿಸಿ ಟಿವಿ ಮುಂದೆ ಕೂತಳು. ಹೇಗೆ ಮಾಡಿದೆ ಅಂದರೆ, “ಸೊಲೊಮೋನಗ ನಾಕ ಮನಿ ಬೇಕು, ದಾವೀದಗ ಮೂರು. ಎರಡ ಮನಿ ಇದ್ರ ಮೋಶೆನ” ಅಂದಳು. ಐಗುಪ್ತದಿಂದ (ಈಜಿಪ್ಟಿನಿಂದ) ಜನರನ್ನು ಬಿಡಿಸಿ ತಂದವನು ಯಾರು ಅನ್ನೋ ಪ್ರಶ್ನೆ ಅದು. ಉತ್ತರ ಸರಿ, ಪ್ರಶ್ನೆ ಏನಿತ್ತು ಅಂತ ಅವಳಿಗೆ ಗೊತ್ತಿಲ್ಲ. 7 ವರ್ಷದ ಮಗು ಕೂಡಿಸಿ ಓದುತ್ತಿರುತ್ತೆ, 11 ವರ್ಷದ್ದು ಪೇಪರ್ ಓದುತ್ತೆ. ಇಬ್ಬರಿಗೂ ಒಂದೇ ಪುಸ್ತಕ ಮಾಡಿದರೆ ಹೀಗೆ ಚೌಕ ಎಣಿಸೋದೇ ಆಗುತ್ತೆ.

ಪಕ್ಕದ ಮನೆಯವರು ಕ್ಯಾಥೊಲಿಕ್. ಅವರ ಹುಡುಗಿಯೂ ಒಮ್ಮೊಮ್ಮೆ ನಮ್ಮ ಜೊತೆ ಕೂರುತ್ತಾಳೆ. ಬೈಬಲ್‌ನಲ್ಲಿ ಒಟ್ಟು ಎಷ್ಟು ಪುಸ್ತಕ ಅನ್ನುವಲ್ಲಿ ಅವಳು 73 ಅಂತ ಬರೆದಳು. ಹಿಂದಿನ ಉತ್ತರದ ಪುಟದಲ್ಲಿ 66. ಪ್ರಾಟೆಸ್ಟೆಂಟರ ಬೈಬಲ್‌ನಲ್ಲಿ 66, ಕ್ಯಾಥೊಲಿಕರದ್ದರಲ್ಲಿ 73, ಇಬ್ಬರದೂ ಸರಿಯೇ. ಪುಸ್ತಕ ಮಾಡಿದವರು ಒಂದು ಸಾಲು ಬರೆದಿದ್ದರೆ ಆ ಹುಡುಗಿ ಮುಖ ಸಣ್ಣ ಮಾಡಿಕೊಳ್ಳುತ್ತಿರಲಿಲ್ಲ. ಬೇರೆ ಸಭೆಯ, ಅಂದರೆ ಬೇರೆ ಚರ್ಚಿನ, ಮಕ್ಕಳೂ ಬರುವ ಮನೆಯಾದರೆ ತಗೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಿ.

ಬಿತ್ತುವವನ ಸಾಮ್ಯದ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯ, ಪಾಠಕ್ಕೆ ಬಂದಾಗ ಪುಸ್ತಕ ಮುಚ್ಚಿಟ್ಟುಬಿಡೋಣ ಅನ್ನಿಸಿತ್ತು. ಬೈಬಲ್‌ನ ಮತ್ತಾಯ ಪುಸ್ತಕ, 13ನೇ ಅಧ್ಯಾಯ. ಕೆಲವು ಬೀಜ ದಾರಿಯ ಮೇಲೆ ಬಿದ್ದವು, ಕೆಲವು ಬಂಡೆಯ ನೆಲದಲ್ಲಿ, ಕೆಲವು ಮುಳ್ಳಿನಲ್ಲಿ, ಕೆಲವು ಒಳ್ಳೇ ನೆಲದಲ್ಲಿ. ಮಗಳು ಅಲ್ಲೇ ತಡೆದಳು. “ದಾರಿ ಮ್ಯಾಲೆ ಹೆಂಗ ಬೀಳ್ತಾವು? ಅವರ ಹತ್ರ ಕೂರಿಗಿ ಇರಲಿಲ್ಲೇನು?” ನನ್ನ ತವರು ನವಲಗುಂದದ ಕಡೆ. ಅಣ್ಣನ ಎರೆ ಹೊಲದಲ್ಲಿ ಕೂರಿಗೆಯಿಂದ ಸಾಲು ಹಿಡಿದು ಬಿತ್ತೋದನ್ನು ಅವಳು ನೋಡಿದ್ದಾಳೆ. ಸಾಲು ಬಿಟ್ಟು ಕಾಳು ಹೊರಗೆ ಬಿದ್ದರೆ ಅಣ್ಣ ಸುಮ್ನೆ ಬಿಡುತ್ತಾನಾ? ಆ ಕಾಲದಲ್ಲಿ ಆ ದೇಶದಲ್ಲಿ ಕೈಯಲ್ಲಿ ಬೀಜ ಎರಚಿ ಬಿತ್ತುತ್ತಿದ್ದರು ಅಂತ ಮೊದಲು ಹೇಳದಿದ್ದರೆ ನಮ್ಮ ಕಡೆ ಮಗುವಿಗೆ ಈ ಕಥೆಯ ಬುಡವೇ ಸಿಗಲ್ಲ. ಪುಸ್ತಕದಲ್ಲಿ ಅದರ ಸುದ್ದಿಯೇ ಇಲ್ಲ, ನಾಲ್ಕು ನೆಲದ ಹೆಸರು ಬರೆದು ನಾಲ್ಕು ಚೌಕ ತುಂಬಿಸಿ ಅಂತ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದಿದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಅಷ್ಟು ವರ್ಷದಿಂದ ಈ ಊರುಗಳಲ್ಲಿ ಮಕ್ಕಳಿಗೆ ಬೈಬಲ್ ಕಲಿಸುತ್ತಾ ಬಂದಿದ್ದಾರೆ. ನಮ್ಮ ಮಕ್ಕಳಿಗೆ ಅಂತ ಅಚ್ಚಾದ ಪುಸ್ತಕಕ್ಕೆ ಇನ್ನೂ ಕೂರಿಗೆ ಗೊತ್ತಿಲ್ಲ.

ಆದರೆ ಪುಸ್ತಕ ಮುಚ್ಚಲಿಲ್ಲ. ಅದೇ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಮಾಡಿ ನೋಡಿ’ ಅಂತ ಒಂದು ಸಾಲಿತ್ತು: ಒಂದು ತೆನೆಯ ಕಾಳು ಎಣಿಸಿರಿ. ಅಷ್ಟೇ. ಮುಂದಿನ ಸಲ ತವರಿಗೆ ಹೋದಾಗ ಮೂವರೂ ಗೋದಿ ತೆನೆ ಒಂದು, ಜೋಳದ ತೆನೆ ಒಂದು ಹಿಡಿದು ಕಟ್ಟೆ ಮೇಲೆ ಕೂತರು. ಗೋದಿ ಬೇಗ ಮುಗಿಯಿತು, ಐವತ್ತೂ ಆಗಲಿಲ್ಲ. ಜೋಳದ್ದು ಮುಗಿಯುವ ಲಕ್ಷಣವೇ ಇಲ್ಲ. ಚಿಕ್ಕವನು ಹತ್ತು ಹತ್ತರ ಗುಡ್ಡೆ ಹಾಕೋದು, ಮಗಳು ಗುಡ್ಡೆ ಎಣಿಸೋದು, ದೊಡ್ಡವನು ಬರೆದುಕೊಳ್ಳೋದು. ಎಷ್ಟೋ ನೂರು ದಾಟಿದ ಮೇಲೆ ಕೋಳಿಗಳು ಬಂದು ಲೆಕ್ಕ ಮುಗಿಸಿದವು. ಸಾಮ್ಯದಲ್ಲಿ ಒಳ್ಳೇ ನೆಲದ ಫಸಲು ನೂರರಷ್ಟು, ಅರವತ್ತರಷ್ಟು, ಮೂವತ್ತರಷ್ಟು ಅಂತ ಇದೆ. “ನೂರು ಅಂದ್ರ ಕಡಿಮಿ ಆತಲ್ಲ?” ಅಂತ ಮಗಳು. ದೊಡ್ಡವನೇ ಉತ್ತರ ಕೊಟ್ಟ: ಅಲ್ಲಿ ಬೆಳೆಯುತ್ತಿದ್ದುದು ಗೋದಿ, ಜವೆಗೋದಿ. ಗೋದಿಗೆ ನೂರು ಅಂದರೆ ಕೇಳಿದ ರೈತನ ಬಾಯಿ ತೆರೆದೇ ಇರುತ್ತೆ. ನಾನು ಬಾಯಿ ಬಿಡುವ ಕೆಲಸವೇ ಇರಲಿಲ್ಲ.

ಅವತ್ತಿನಿಂದ ನಾವು ಈ ಪುಸ್ತಕವನ್ನು ಕೆಳಗಿನಿಂದ ಓದುತ್ತೇವೆ. ಮೊದಲು ‘ಮಾಡಿ ನೋಡಿ’, ಆಮೇಲೆ ಬೈಬಲ್ ತೆಗೆದು ಕಥೆ. ಚೌಕಗಳು ಖಾಲಿಯೇ ಇವೆ. ಪ್ರಳಯಕ್ಕೆ ಮುಂಚೆ ನಾವೆ ಕಟ್ಟಿದ ನೋಹನ ಪಾಠದ ಅಡಿಯಲ್ಲಿ ‘ನಿಮ್ಮ ಮೊಳ ಅಳೆಯಿರಿ’ ಅಂತಿತ್ತು. ನಾವೆಯ ಉದ್ದ 300 ಮೊಳ, ಅಗಲ 50, ಎತ್ತರ 30. ಮೊಣಕೈಯಿಂದ ನಡುಬೆರಳ ತುದಿವರೆಗೆ ಟೇಪ್ ಹಿಡಿದರೆ ಮೂವರದೂ ಬೇರೆ ಬೇರೆ ಬಂತು. ಹೂ ಮಾರುವ ಅಕ್ಕನ ಮೊಳ ಎಲ್ಲರಿಗಿಂತ ಗಿಡ್ಡ ಅನ್ನೋದು ಮಗಳ ದೂರು. ದೊಡ್ಡವರ ಮೊಳ ಸುಮಾರು 45 ಸೆಂಟಿಮೀಟರ್ ಅಂತ ಹಿಡಿದರೆ ನಾವೆ 135 ಮೀಟರ್. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್, 2023ರಲ್ಲಿ ಉದ್ಘಾಟನೆಯಾದ ಜಗತ್ತಿನ ಅತಿ ಉದ್ದದ್ದು, 1507 ಮೀಟರ್. ದೊಡ್ಡವನು ಭಾಗಿಸಿ, ಒಂದರ ಹಿಂದೆ ಒಂದು 11 ನಾವೆ ನಿಲ್ಲುತ್ತವೆ ಅಂದ. ಯಾವ ನಾವೆಯಲ್ಲಿ ಆನೆ ಅನ್ನೋದು ಚಿಕ್ಕವನ ಪ್ರಶ್ನೆ. ದಾವೀದ ಕೊಂದ ದೈತ್ಯ ಗೊಲ್ಯಾತನ ಎತ್ತರ, ಆರು ಮೊಳ ಒಂದು ಗೇಣು, ನಮ್ಮ ಹಾಲ್ ಗೋಡೆಯ ಮೇಲೆ ಸೂರಿನ ಹತ್ತಿರ ಇನ್ನೂ ಇದೆ. ಸೀಮೆಸುಣ್ಣದ ಗೆರೆ, ಒರೆಸಿದರೆ ಹೋಗುತ್ತೆ ಅಂತ ನಮ್ಮ ಯಜಮಾನರಿಗೆ ಹೇಳಿದ್ದೇನೆ. ಮೂರು ವಯಸ್ಸಿನ ಮಕ್ಕಳು ಒಂದೇ ಕೆಲಸಕ್ಕೆ ಕೈ ಹಚ್ಚಿದ್ದು ಈ ಒಂದೊಂದು ಸಾಲಿನಿಂದ. ಅದನ್ನು ಬರೆದವರು ಯಾರೋ, ಉಳಿದ ಪುಸ್ತಕ ಬರೆದವರಂತೂ ಅಲ್ಲ.

ಮೂರನೇ ಪುಸ್ತಕದ ಬಗ್ಗೆ ಹೇಳೋದು ಕಡಿಮೆ. ಹದಿಹರೆಯದವರಿಗೆ ಅಂತ ಮೊಬೈಲು, ಗೆಳೆತನ, ಸುಳ್ಳು, ಪರೀಕ್ಷೆ ಹೀಗೆ ಒಂದೊಂದು ವಿಷಯಕ್ಕೆ ಒಂದು ಉಪದೇಶ. ಕೊನೆಗೆ ಹೌದು, ಇಲ್ಲ ಪ್ರಶ್ನೆಗಳು. ‘ಸುಳ್ಳು ಹೇಳುವುದು ಸರಿಯೇ?’ ಅಂತ ಕೇಳಿದರೆ ಯಾವ ಹುಡುಗ ಹೌದು ಅಂತ ಬರೆಯುತ್ತಾನೆ? ಎರಡು ಪಾಠ ಮಾಡಿ ಬಿಟ್ಟ. ನಾನೂ ಒತ್ತಾಯ ಮಾಡಲಿಲ್ಲ. ಅದರ ಬದಲು ಬೈಬಲ್ ಸೊಸೈಟಿಯ ಸಾದಾ ಕನ್ನಡ ಬೈಬಲ್ ಮತ್ತು ಒಂದು ನೋಟ್‌ಬುಕ್ ಕೊಟ್ಟು, ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯಿಂದ ಶುರು ಮಾಡು ಅಂದೆ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಉಪದೇಶಕ್ಕಿಂತ ಘಟನೆಗಳೇ ಜಾಸ್ತಿ, ಓಡುತ್ತೆ. ನನ್ನ ಷರತ್ತು ಒಂದೇ, ವಾರಕ್ಕೊಂದು ಅಧ್ಯಾಯ ಓದಿ ನನಗೆ ಒಂದು ಪ್ರಶ್ನೆ ಕೇಳಬೇಕು. ಉತ್ತರ ಬರೆಯೋದು ಬೇಡ. ಅವನ ಪ್ರಶ್ನೆಗಳಲ್ಲಿ ಅರ್ಧ ನಾನು ಪಾಸ್ಟರ್ ಹತ್ತಿರ ಒಯ್ಯುತ್ತೇನೆ. ಮಾರ್ಕನ ಹಳೆಯ ಕೈಬರಹದ ಪ್ರತಿಗಳಲ್ಲಿ ಕೆಲವು 16ನೇ ಅಧ್ಯಾಯದ 8ನೇ ವಚನಕ್ಕೇ ಮುಗಿಯುತ್ತವೆ, ಯೇಸುವಿನ ಖಾಲಿ ಸಮಾಧಿ ಕಂಡ ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲಿಲ್ಲ ಅನ್ನುವಲ್ಲಿ. ಅದನ್ನು ಕೇಳಿದ ದಿನ ನಮ್ಮ ಹುಡುಗ, “ಹೇಳಲಿಲ್ಲಂದ್ರ ಇದನ್ನ ಬರದವರಿಗೆ ಹೆಂಗ ಗೊತ್ತಾತು?” ಅಂದ. ಪಾಸ್ಟರೂ ನಕ್ಕು, ಮುಂದಿನ ಭಾನುವಾರ ಬಾ ಅಂದರು.

ಸೆಟ್‌ಗೆ ಐದಕ್ಕೆ ಎರಡೂವರೆ ಕೊಡುತ್ತೇನೆ. ಅದರಲ್ಲಿ ಎರಡು ಪೂರ್ತಿ ‘ಮಾಡಿ ನೋಡಿ’ ಸಾಲುಗಳಿಗೆ. 4ರಿಂದ 6ರ ಮಗು ಇದ್ದರೆ ಫ್ಲಾನೆಲ್ ಬೋರ್ಡಿಗೆ ಚಿತ್ರ ಸಿಗುತ್ತೆ ಅಂತ ತಗೊಳ್ಳಿ, ಇಸಾಕನ ಪುಟ ಮೊದಲೇ ಕಿತ್ತಿಡಿ. ದೊಡ್ಡ ಹುಡುಗರೇ ಇರುವ ಮನೆಯಾದರೆ ಈ ದುಡ್ಡಿಗೆ ಬೈಬಲ್ ತಗೊಳ್ಳಿ. ಬಿಡಿಯಾಗಿ ಕೊಡೋದಿಲ್ಲ ಅನ್ನೋದರಿಂದ ಈ ಸಲ ನಮ್ಮ ಸಭೆಯ ಮೂರು ಮನೆಯವರು ಸೇರಿ ಒಂದು ಹೊಸ ಸೆಟ್ ತಂದಿದ್ದೇವೆ. ಮೊದಲನೆಯದು ಒಬ್ಬರಿಗೆ ಹೋಯಿತು, ಎರಡನೆಯದನ್ನು ಒಂದು ವಾರ ಅವರು, ಒಂದು ವಾರ ಇವರು ಇಟ್ಟುಕೊಳ್ಳುತ್ತಾರೆ. ಮೂರನೆಯದು ಯಾರಿಗೂ ಬೇಡವಾಗಿ ನಮ್ಮ ಮನೆಗೇ ಬಂತು, ಈಗ ನನ್ನ ಹತ್ತಿರ ಅವು ಎರಡಾದವು. ಬೇಕಾದವರು ಹೇಳಿ, ಪುಕ್ಕಟೆ ಕೊಡುತ್ತೇನೆ. ಹಳೆಯದರಲ್ಲೂ ಮೊದಲ ಎರಡು ಪಾಠದಲ್ಲಿ ಮಾತ್ರ ಪೆನ್ಸಿಲ್ ಗುರುತಿದೆ.