ನ್ಯಾಯತೀರ್ಪಿನ ಹೆದರಿಕೆ ಹಾಕಿ ಕಾಣಿಕೆ ಎತ್ತುವವರು ಬಂದಿದ್ದಾರೆ, ಉಡುಪಿ ಕಡೆಯವರು ಸ್ವಲ್ಪ ಜಾಗ್ರತೆ

ಉಡುಪಿ, ಮಲ್ಪೆ, ಕಟಪಾಡಿ ಕಡೆ ಮನೆಮನೆಗೆ ಬಂದು ಪ್ರೇಯರ್ ಮಾಡ್ತೇವೆ ಅಂತ ಹೇಳುವ ಒಂದು ಟೀಮ್ ಉಂಟು. ಹೆಸರು ಹಾಕುದಿಲ್ಲ, ಹಾಕಿದ್ರೆ ನಾಳೆ ಬೇರೆ ಬೋರ್ಡ್ ಹಾಕ್ಕೊಂಡು ಬರ್ತಾರೆ ಅಷ್ಟೆ. ಅವರು ಮಾಡುವ ರೀತಿ ಗೊತ್ತಿದ್ರೆ ಸಾಕು, ಹಾಗಾಗಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಆದದ್ದನ್ನೇ ಬರೀತಾ ಇದ್ದೇನೆ.

ಚಿಕ್ಕಪ್ಪನಿಗೆ ಶುಗರ್, ಕಾಲಿನ ಬೆರಳಲ್ಲಿ ಗಾಯ ಆಗಿ ಒಣಗ್ತಾ ಇರ್ಲಿಲ್ಲ. ಚಿಕ್ಕಮ್ಮ ಆದಿತ್ಯವಾರ ಚರ್ಚ್ ತಪ್ಪಿಸುವವರಲ್ಲ, ಬಾಸೆಲ್ ಮಿಶನ್ ಕಾಲದಿಂದ ಬಂದ ಕುಟುಂಬ, ಆದ್ರೆ ಮನೆಯಲ್ಲಿ ಕಾಯಿಲೆ ಇದ್ದಾಗ ಯಾರು ಪ್ರಾರ್ಥನೆ ಮಾಡ್ತೇನೆ ಅಂದ್ರೂ ಬೇಡ ಅನ್ಲಿಕ್ಕೆ ಆಗುದಿಲ್ಲ ಅಲ್ವಾ. ಪರಿಚಯದವರೊಬ್ಬರು ಈ 'ಬ್ರದರ್'ನ್ನು ಕರ್ಕೊಂಡು ಬಂದ್ರು. ಮೊದಲ ಸಲ ಬಹಳ ಮರ್ಯಾದೆ, ಚಾ ಕುಡಿದು ಹೋದ್ರು, ಒಂದು ರೂಪಾಯಿ ಕೇಳ್ಲಿಲ್ಲ. ಮುಂದಿನ ಸಲ ಕಣ್ಣು ಮುಚ್ಚಿ ಸುಮಾರು ಹೊತ್ತು ಸುಮ್ಮನೆ ಕೂತು, "ಸಿಸ್ಟರ್, ಈ ಮನೆಯಲ್ಲಿ ಮುಚ್ಚಿಟ್ಟ ಪಾಪ ಒಂದುಂಟು, ನಿಮ್ಮ ಅಜ್ಜನ ಕಾಲದ ಶಾಪವೂ ಉಂಟು, ಈ ಗಾಯ ಬರೀ ಸೂಚನೆ, ತೀರ್ಪು ಇನ್ನು ಮಗನ ಮೇಲೆ ಬರ್ತದೆ" ಅಂತ ಹೇಳಿದ್ರಂತೆ. ಮಗ ಇರುವುದು ಕುವೈಟಲ್ಲಿ, ಅದು ಅವರಿಗೆ ಮೊದಲ ದಿನ ಚಾ ಕುಡಿಯುವಾಗ ಚಿಕ್ಕಮ್ಮನೇ ಹೇಳಿದ್ದು. ಮುಚ್ಚಿಟ್ಟ ಪಾಪ ಅಂತೆ, ಯಾವ ಮನೆಯಲ್ಲಿ ಇಲ್ಲ ಮಾರಾಯ್ರೆ?

ಆಮೇಲೆ ಎಣ್ಣೆ ಬಂತು. ಹೆಬ್ಬೆರಳಿನಷ್ಟು ಬಾಟ್ಲಿ, ನಾನೇ ಮುಚ್ಚಳ ತೆಗೆದು ಮೂಸಿ ನೋಡಿದ್ದೇನೆ, ಮಾಮೂಲಿ ತೆಂಗಿನೆಣ್ಣೆಗೆ ಮಲ್ಲಿಗೆ ಸೆಂಟ್ ಒಂದು ಹನಿ ಬಿದ್ದಿರ್ಬೇಕು. ಲೇಬಲಲ್ಲಿ ಶಿಲುಬೆ ಚಿಕ್ಕದು, ಬ್ರದರ್ ಫೋಟೋ ದೊಡ್ಡದು. ಎಣ್ಣೆ ಫ್ರೀ, ಆದ್ರೆ ಶಾಪ ಮುರಿಯುವ 'ಬಿತ್ತನೆ ಕಾಣಿಕೆ' ಬೇರೆ, ಅದನ್ನು ಸ್ಕ್ಯಾನ್ ಮಾಡಿದ್ರೆ ಬರುವುದು ಸಭೆಯ ಹೆಸರಲ್ಲ, ಅವರ ಹೆಂಡತಿ ಹೆಸರು. ಮಾತ್ರೆ ನಿಲ್ಲಿಸಿ ಅಂತ ಬಾಯಿಬಿಟ್ಟು ಹೇಳುದಿಲ್ಲ, ಅಷ್ಟು ದಡ್ಡರಲ್ಲ. "ನಂಬಿಕೆ ಹೆಚ್ಚಾದ ಹಾಗೆ ಮಾತ್ರೆ ಕಮ್ಮಿ ಆಗ್ತದೆ" ಅಂತ ಹೇಳಿ ಎದ್ದು ಹೋಗ್ತಾರೆ. ಕ್ರಿಸ್ಮಸ್ ಒಳಗೆ ಗಾಯ ಒಣಗ್ತದೆ, ಇದು ಕರ್ತನ ಮಾತು ಅಂತಲೂ ಹೇಳಿದ್ರು. ಕ್ರಿಸ್ಮಸ್ ಮೊದಲು ಆದದ್ದು ಬೆರಳು ಕಪ್ಪಾಗಿ ಆಪರೇಶನ್, ಬೆರಳು ತೆಗೆದ್ರು.

ಕುವೈಟಿಂದ ಚಿಕ್ಕಮ್ಮನ ಮಗ ಫೋನ್ ಮಾಡಿ ಕೇಳಿದ್ದಕ್ಕೆ ವಾಟ್ಸಾಪಲ್ಲಿ ಬ್ರದರ್ ಕಳಿಸಿದ ವಾಯ್ಸ್ ನೋಟ್: "ನನ್ನ ಅಭಿಷಿಕ್ತರನ್ನು ಮುಟ್ಟಬೇಡಿರಿ ಅಂತ ವಾಕ್ಯ ಉಂಟು, ಜಾಗ್ರತೆ, ನಿಮ್ಮ ಅಪನಂಬಿಕೆಯಿಂದಲೇ ಬೆರಳು ಹೋದದ್ದು." ಈ ವಾಕ್ಯ 105ನೇ ಕೀರ್ತನೆಯಲ್ಲಿ ಉಂಟು ಹೌದು. ಅಲ್ಲಿ ಓದಿ ನೋಡಿ, ಅಬ್ರಹಾಮ, ಇಸಾಕ, ಯಾಕೋಬ ಪರದೇಶಿಗಳಾಗಿ ಅಲೆಯುವಾಗ ಅವರಿಗೆ ಕೇಡು ಮಾಡ್ಬೇಡಿ ಅಂತ ದೇವರು ರಾಜರನ್ನು ಗದರಿಸಿದ್ದು, ಲೆಕ್ಕ ಕೇಳುವ ಬಡ ಹೆಂಗಸಿನ ಬಾಯಿ ಮುಚ್ಚಿಸ್ಲಿಕ್ಕೆ ಅಲ್ಲ. ದಾವೀದ ಅಭಿಷಿಕ್ತ ರಾಜನೇ ಆಗಿದ್ದ, ಆದ್ರೂ ಪ್ರವಾದಿ ನಾತಾನ ಅವನ ಪಾಪ ತೋರಿಸಿ ಮುಖಕ್ಕೇ "ಆ ಮನುಷ್ಯ ನೀನೇ" ಅಂದ. ಅಂತಿಯೋಕ್ಯದಲ್ಲಿ ಪೌಲ ಯೇಸುವಿನ ಶಿಷ್ಯರಲ್ಲಿ ಮುಖ್ಯನಾದ ಪೇತ್ರನನ್ನೇ ಎದುರಾ ಎದುರು ಖಂಡಿಸಿದ, ಗಲಾತ್ಯ 2ರಲ್ಲಿ ಉಂಟು. ಈ ಬ್ರದರ್ ಪೇತ್ರನಿಗಿಂತ ದೊಡ್ಡವರಾ?

ನ್ಯಾಯತೀರ್ಪು ಸುಳ್ಳು ಅಂತ ನಾನು ಹೇಳ್ತಾ ಇಲ್ಲ, ಪಾಪಕ್ಕೆ ತೀರ್ಪು ಉಂಟು, ಅದನ್ನು ಬಿಟ್ರೆ ಶಿಲುಬೆಗೇ ಅರ್ಥ ಇಲ್ಲ. ಆದ್ರೆ ಇವರು ಹಾಲಲ್ಲಿ ಮೈಕ್ ಹಿಡ್ಕೊಂಡು ಸೊದೋಮ್ ಗೊಮೋರ (ಪಾಪಕ್ಕಾಗಿ ದೇವರು ನಾಶ ಮಾಡಿದ ಊರುಗಳು), ನೋಹನ ಜಲಪ್ರಳಯ ಅಂತ ಕಿರುಚುದುಂಟಲ್ಲ, ಅವೇ ಉದಾಹರಣೆಗಳು 2 ಪೇತ್ರ 2ನೇ ಅಧ್ಯಾಯದಲ್ಲಿ ಒಟ್ಟಿಗೆ ಬರ್ತವೆ, ಅಲ್ಲಿ ಅವು ಬಂದಿರುವುದು ಯಾರ ಮೇಲೆ ಗೊತ್ತುಂಟಾ? ಸುಳ್ಳು ಬೋಧಕರ ಮೇಲೆ! 3ನೇ ವಚನದಲ್ಲೇ ಉಂಟು, ದುರಾಸೆಯಿಂದ ಕಟ್ಟುಕಥೆ ಹೇಳಿ ನಿಮ್ಮಿಂದ ಲಾಭ ಮಾಡಿಕೊಳ್ತಾರೆ ಅಂತ, ಮುಂದೆ ಕೂಲಿಯ ಆಸೆಗೆ ಬಿದ್ದ ಪ್ರವಾದಿ ಬಿಳಾಮನ ಹೆಸರೂ ಬರ್ತದೆ. ಮೀಕ 3ರಲ್ಲಿ ಇನ್ನೂ ಸ್ಪಷ್ಟ, ಬಾಯಿಗೆ ತಿನ್ನಲಿಕ್ಕೆ ಹಾಕಿದವರಿಗೆ ಸಮಾಧಾನ ಅಂತಾರಂತೆ, ಹಾಕದವರ ಮೇಲೆ ಯುದ್ಧ ಸಾರ್ತಾರಂತೆ. ಚಿಕ್ಕಮ್ಮ ಎರಡನೇ ಕಂತು ಕೊಡದೆ ಇದ್ದಾಗ ಆದದ್ದು ಅದೇ.

ಮತ್ತೆ ಆ ಅಜ್ಜನ ಶಾಪದ ವಿಷಯ. ತಂದೆಯ ದೋಷಫಲವನ್ನು ಮಗ ಹೊರುದಿಲ್ಲ ಅಂತ ಯೆಹೆಜ್ಕೇಲ 18ರಲ್ಲಿ ಉಂಟು. ಹುಟ್ಟು ಕುರುಡನನ್ನು ನೋಡಿ ಇದು ಯಾರ ಪಾಪ, ಇವನದ್ದಾ ತಂದೆತಾಯಿಯದ್ದಾ ಅಂತ ಶಿಷ್ಯರು ಕೇಳಿದ್ದಕ್ಕೆ ಯೇಸು ಎರಡೂ ಅಲ್ಲ ಅಂದದ್ದು ಯೋಹಾನ 9ರಲ್ಲಿ. ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಜನ ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲ, ಆದ್ರೆ ನೀವೆಲ್ಲರೂ ಮಾನಸಾಂತರ ಹೊಂದಿ, ಅಂದ್ರೆ ಪಾಪ ಬಿಟ್ಟು ದೇವರ ಕಡೆ ತಿರುಗಿ ಅಂದ, ಲೂಕ 13. ಅಲ್ಲಿ ಕಾಣಿಕೆಯ ಮಾತೇ ಇಲ್ಲ, ನೋಡಿ. ಇದನ್ನೆಲ್ಲ ನಮ್ಮ ಚರ್ಚಿನ ಅಯ್ಯನವರು (ಪಾಸ್ಟರ್) ಆಸ್ಪತ್ರೆಗೆ ಬಂದು ಮಂಚದ ಹತ್ರ ಕೂತು ಓದಿ ಹೇಳಿದ ಮೇಲೆಯೇ ಚಿಕ್ಕಮ್ಮ ರಾತ್ರಿ ನಿದ್ದೆ ಮಾಡಿದ್ದು. ಅವರೇ ಇನ್ನೊಂದು ಹೇಳಿದ್ರು: ಡಿಡಾಖೆ ಅಂತ ಆದಿಸಭೆಯ ಕಾಲದ ಒಂದು ಚಿಕ್ಕ ಪುಸ್ತಕ ಉಂಟಂತೆ, 1873ರಲ್ಲಿ ಹಸ್ತಪ್ರತಿ ಸಿಕ್ಕಿದ್ದು, ಅದರಲ್ಲಿ ಊರೂರು ತಿರುಗುವವ ಮೂರು ದಿನ ಠಿಕಾಣಿ ಹೂಡಿದ್ರೆ ಅವ ಸುಳ್ಳು ಪ್ರವಾದಿ, ಆತ್ಮಪ್ರೇರಿತನಾಗಿ ಮಾತಾಡ್ತೇನೆ ಅಂತ ಹೇಳಿ ನನಗೆ ಹಣ ಕೊಡಿ ಅಂದ್ರೆ ಕೇಳ್ಬೇಡಿ ಅಂತ ಬರೆದುಂಟು. ಆ ಕಾಲದಲ್ಲೂ ಇಂಥವರ ಕಾಟ ಇತ್ತು ಅಂತ ಆಯ್ತು!

ಹಾಗಂತ ಚಿಕ್ಕ ಸಭೆಗಳೆಲ್ಲ ಮೋಸ ಅಂತಲ್ಲ, ಬಾಡಿಗೆ ಹಾಲಲ್ಲಿ ಪ್ರಾಮಾಣಿಕವಾಗಿ ಸೇವೆ ಮಾಡುವವರು ನನಗೂ ಗೊತ್ತುಂಟು, ದೊಡ್ಡ ಚರ್ಚುಗಳಲ್ಲೂ ಕಳ್ಳರು ಇರ್ಬಹುದು. ನೀವು ನೋಡ್ಬೇಕಾದ್ದು, ಹಣ ಯಾರ ಹೆಸರಿಗೆ ಹೋಗ್ತದೆ, ರಶೀದಿ ಉಂಟಾ, ಕಮಿಟಿ ಉಂಟಾ, ಪ್ರಶ್ನೆ ಕೇಳಿದ್ರೆ ಉತ್ತರ ಬರ್ತದಾ ಶಾಪ ಬರ್ತದಾ. ಕರ್ತನ ಹೆಸರಲ್ಲಿ ಹೇಳಿದ್ದು ಆಗದಿದ್ರೆ ಅದು ಕರ್ತನ ಮಾತಲ್ಲ, ಅಂಥವನಿಗೆ ಹೆದರ್ಬೇಡಿ ಅಂತ ಧರ್ಮೋಪದೇಶಕಾಂಡ 18ರಲ್ಲಿಯೇ ಉಂಟು. ಮತ್ತೆ ಗಾಯ ಇದ್ರೆ ಡಾಕ್ಟ್ರ ಹತ್ರ ಹೋಗಿ, ಶುಗರಿನ ಮಾತ್ರೆ ಡಾಕ್ಟ್ರು ಹೇಳದೆ ಒಂದು ದಿನವೂ ಬಿಡ್ಬೇಡಿ, ಪ್ರಾರ್ಥನೆ ಅದರ ಜೊತೆಗೇ ಮಾಡ್ಬಹುದು. ಇವರ ಕೈಗೆ ಸಿಕ್ಕಿದವರು ಬೇರೆಯವರೂ ಇದ್ರೆ ವಾಯ್ಸ್ ನೋಟ್, ಪೇಮೆಂಟ್ ಸ್ಕ್ರೀನ್‌ಶಾಟ್ ಡಿಲೀಟ್ ಮಾಡ್ಬೇಡಿ, ನನಗೆ ಮೆಸೇಜ್ ಹಾಕಿ, ನಾವು ಸ್ಟೇಷನ್ನಿಗೆ ಕಂಪ್ಲೇಂಟ್ ಬರೀತಾ ಇದ್ದೇವೆ.