ಹೊಸ ಪೈಲಟ್‌ಗಳ ಲಾಗ್‌ಬುಕ್ ನೋಡಿಕೊಡುವ ಬಿಜೈಯ ಸಲಹಾ ಕಚೇರಿ: ಕೊಟ್ಟ ಹಣಕ್ಕೆ ಸಿಕ್ಕಿದ್ದೇನು?

ಕಮರ್ಷಿಯಲ್ ಪೈಲಟ್ ಪರವಾನಗಿ, ಅಂದರೆ ಸಿಪಿಎಲ್, ಸಿಗುವ ತನಕ ದಾರಿ ತೋರಿಸುವವರಿಗೆ ನಮ್ಮ ಕರಾವಳಿಯಲ್ಲಿ ಬರವಿಲ್ಲ. ಅದು ಕೈಗೆ ಬಂದ ಮರುದಿನದಿಂದ ಫೋನ್ ಎತ್ತುವವರೇ ಇರುವುದಿಲ್ಲ. ಆ ಕಾರಣಕ್ಕೆ, ಮಂಗಳೂರಿನ ಬಿಜೈಯಲ್ಲಿ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ನಿವೃತ್ತ ಹಾರಾಟ ಬೋಧಕರೊಬ್ಬರು ನಡೆಸುತ್ತಿರುವ ಸಣ್ಣ ಸಲಹಾ ಕಚೇರಿಯ ಬಗ್ಗೆ ಕೇಳಿದಾಗ, ಉಡುಪಿಯಿಂದ ಮಗಳನ್ನು ಕರೆದುಕೊಂಡು ಹೋದೆ. ಶುಲ್ಕ 6,000 ರೂಪಾಯಿ. ಅದರಲ್ಲಿ ಒಂದು ದೀರ್ಘ ಭೇಟಿ, ಲಾಗ್‌ಬುಕ್ಕಿನ, ಅಂದರೆ ಹಾರಿದ ಗಂಟೆಗಳನ್ನು ಬರೆದಿಡುವ ಪುಸ್ತಕದ, ಪರಿಶೀಲನೆ ಮತ್ತು ಆಮೇಲೆ ಕಳುಹಿಸುವ ಲಿಖಿತ ವರದಿ ಸೇರಿವೆ. ಈ ಬರಹದಲ್ಲಿ ದೂರುಗಳೂ ಇರುವುದರಿಂದ, ಮತ್ತು ಅವನ್ನು ಅವರ ಮುಖಕ್ಕೇ ಹೇಳಿ ಬಂದಿರುವುದರಿಂದ, ಕಚೇರಿಯ ಹೆಸರನ್ನು ಬರೆಯುತ್ತಿಲ್ಲ.

ಮಗಳ ಪರಿಸ್ಥಿತಿ ಇಂದಿನ ಬಹುತೇಕ ಹೊಸ ಪೈಲಟ್‌ಗಳದ್ದೇ. ದೇಶದ ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮದಂತೆ ಸಿಪಿಎಲ್‌ಗೆ ಕನಿಷ್ಠ 200 ಗಂಟೆಗಳ ಹಾರಾಟ ಬೇಕು, ಅದರಲ್ಲಿ 100 ಗಂಟೆ ಪಿಐಸಿ, ಅಂದರೆ ವಿಮಾನದ ಪೂರ್ಣ ಹೊಣೆಯನ್ನು ತಾನೇ ಹೊತ್ತು ಹಾರಿಸಿದ್ದಾಗಿರಬೇಕು. ತರಬೇತಿಯ ಹೆಚ್ಚಿನ ಭಾಗವನ್ನು ಅಮೆರಿಕದಲ್ಲಿ ಮುಗಿಸಿ, ಇಲ್ಲಿಗೆ ಬಂದು ಪರವಾನಗಿಯನ್ನು ಪರಿವರ್ತಿಸಿಕೊಂಡ ಅವಳ ಬಳಿ 200ಕ್ಕಿಂತ ಸ್ವಲ್ಪ ಹೆಚ್ಚು ಗಂಟೆಗಳೂ, ಅದಕ್ಕಿಂತ ಬಹಳ ಹೆಚ್ಚು ಸಾಲವೂ ಇದ್ದವು. ‘1,500 ಗಂಟೆ ಆಗದೆ ಯಾರೂ ಕೆಲಸ ಕೊಡುವುದಿಲ್ಲ, ಹಾಗಾಗಿ ಸಿಕ್ಕಿದ ಸಣ್ಣ ಕೆಲಸ ಹಿಡಿದು ಗಂಟೆ ಕೂಡಿಸು’ ಎಂಬುದು ಅವಳು ಅಲ್ಲಿಂದ ತಂದ ಪಾಠ.

ಕಚೇರಿಯ ಮೊದಲ ಉಪಕಾರವೆಂದರೆ ಈ ಪಾಠವನ್ನು ಬಿಡಿಸಿ ಇಟ್ಟದ್ದು. ಅಮೆರಿಕದಲ್ಲಿ 2009ರ ಫೆಬ್ರುವರಿಯಲ್ಲಿ ಬಫಲೋ ನಗರದ ಹತ್ತಿರ ಕೋಲ್ಗನ್ ಏರ್ ಸಂಸ್ಥೆಯ ವಿಮಾನ ಬಿದ್ದ ಬಳಿಕ, 2010ರಲ್ಲಿ ಕಾನೂನು ಬಂದು, 2013ರಿಂದ ಏರ್‌ಲೈನ್‌ನ ಸಹ ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಕಡ್ಡಾಯವಾಯಿತು. ಸೇನೆಯಲ್ಲಿ ಪೈಲಟ್ ಆಗಿದ್ದವರಿಗೆ ಮತ್ತು ಮಾನ್ಯತೆ ಪಡೆದ ಕೆಲವು ಪದವಿಗಳನ್ನು ಮುಗಿಸಿದವರಿಗೆ ಮಾತ್ರ ರಿಯಾಯಿತಿ ಇದೆ. ಆದ್ದರಿಂದಲೇ ಅಲ್ಲಿ 250 ಗಂಟೆಯ ಹುಡುಗರು ಜಾಹೀರಾತಿನ ಬ್ಯಾನರ್ ಎಳೆಯುತ್ತಾರೆ, ಪ್ಯಾರಾಚೂಟ್ ಜಿಗಿಯುವವರನ್ನು ಮೇಲೆ ಒಯ್ಯುತ್ತಾರೆ, ಪೈಪ್‌ಲೈನ್ ಕಾವಲಿಗೆ ಹಾರುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಬೋಧಕರಾಗುತ್ತಾರೆ. ಭಾರತದಲ್ಲಿ 1,500 ಗಂಟೆ ಬೇಕಾಗುವುದು ಎಟಿಪಿಎಲ್‌ಗೆ, ಅಂದರೆ ಏರ್‌ಲೈನ್‌ನಲ್ಲಿ ಕ್ಯಾಪ್ಟನ್ ಆಗುವುದಕ್ಕೆ. ಸಹ ಪೈಲಟ್ ಆಗಿ ಸೇರಲು ಸಿಪಿಎಲ್, ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದರೂ ಉಪಕರಣ ನೋಡಿಯೇ ಹಾರಿಸುವ ಅರ್ಹತೆ) ಮತ್ತು ಟೈಪ್ ರೇಟಿಂಗ್ (ಆಯಾ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಇದ್ದರೆ ನಿಯಮದ ಅಡ್ಡಿಯಿಲ್ಲ. ಅಡ್ಡಿ ಇರುವುದು ಸಾಲಿನ ಉದ್ದದಲ್ಲಿ. 2023ರಲ್ಲಿ ಇಂಡಿಗೋ 500 ವಿಮಾನಗಳಿಗೆ, ಏರ್ ಇಂಡಿಯಾ 470ಕ್ಕೆ ಬೇಡಿಕೆ ಸಲ್ಲಿಸಿದ್ದನ್ನು ಪತ್ರಿಕೆಯಲ್ಲಿ ಓದಿ ನಾವೆಲ್ಲ ಹಿಗ್ಗಿದ್ದೆವು, ಆದರೆ ಆ ವಿಮಾನಗಳು ಬರುವುದು ವರ್ಷಗಳ ಅವಧಿಯಲ್ಲಿ ಒಂದೊಂದಾಗಿ, ಮತ್ತು ಪ್ರತಿ ಸಹ ಪೈಲಟ್‌ನ ಪಕ್ಕದಲ್ಲಿ ಕೂರಲು ಒಬ್ಬ ಕ್ಯಾಪ್ಟನ್ ಬೇಕು ಎಂಬುದನ್ನು ಅವರು ವಿವರಿಸಿದರು. ಹಾಗಾಗಿ ಇಲ್ಲಿ ಸಣ್ಣ ಕೆಲಸದ ಉದ್ದೇಶ 1,500ರ ಗೆರೆ ದಾಟುವುದಲ್ಲ, ಕಾಯುವ ಕಾಲದಲ್ಲಿ ಕೈ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು ಮತ್ತು ಆಯ್ಕೆಯ ದಿನ ಲಾಗ್‌ಬುಕ್ ತಾನೇ ಮಾತಾಡುವಂತೆ ಮಾಡುವುದು.

ಬ್ಯಾಂಕಿನಲ್ಲಿ ಲೆಡ್ಜರ್ ನೋಡಿಯೇ ನೌಕರಿ ಮುಗಿಸಿದ ನನಗೆ ಈ ಸೇವೆಯಲ್ಲಿ ಅತ್ಯಂತ ಹಿಡಿಸಿದ್ದು ಲಾಗ್‌ಬುಕ್ಕಿನ ಪರಿಶೀಲನೆ. ಅವರು ಮೊದಲು ಕೊನೆಯ ಪುಟದ ಮೊತ್ತವನ್ನು ನೋಡಲಿಲ್ಲ. ಸ್ಕೇಲ್ ಇಟ್ಟು ಒಂದೊಂದೇ ಸಾಲನ್ನು ಕೆಳಗಿಳಿಯುತ್ತಾ, ಹಗಲು, ರಾತ್ರಿ, ಒಂಟಿ ಎಂಜಿನ್, ಜೋಡಿ ಎಂಜಿನ್, ಪಿಐಸಿ, ಡ್ಯುಯಲ್ (ಬೋಧಕರ ಜತೆ ಕಲಿಯುತ್ತಾ ಹಾರಿದ್ದು) ಎಂಬ ಕಾಲಂಗಳಲ್ಲಿ ಪೆನ್ಸಿಲಿನ ಸಣ್ಣ ಚುಕ್ಕಿ ಹಾಕುತ್ತಾ ಹೋದರು. ಒಂದು ಕಡೆ ಪೆನ್ಸಿಲ್ ನಿಂತಿತು. ಅಮೆರಿಕದ ತರಬೇತಿ ವಿಮಾನಗಳಲ್ಲಿ ಮೀಟರ್ ದಶಾಂಶದಲ್ಲಿ ಓಡುತ್ತದೆ, ನಮ್ಮಲ್ಲಿ ಬರೆಯುವುದು ಗಂಟೆ ಮತ್ತು ನಿಮಿಷಗಳಲ್ಲಿ. ಅಲ್ಲಿನ 1.3 ಎಂದರೆ 1 ಗಂಟೆ 18 ನಿಮಿಷ. ಪ್ರತಿ ಮಾಡುವಾಗ ಅದು 1:30 ಆಗಿ ಕುಳಿತಿತ್ತು.

“ನೋಡಮ್ಮ, ಹನ್ನೆರಡು ನಿಮಿಷ ನಿನಗೆ ಕೈತಪ್ಪು. ದಾಖಲೆ ಪರಿಶೀಲಿಸುವವನಿಗೆ ಅದು ಸುಳ್ಳು ಗಂಟೆ. ಅವನ ಹತ್ತಿರ ನಿನ್ನ ಮುಖ ಇರುವುದಿಲ್ಲ, ಈ ಕಾಗದ ಮಾತ್ರ ಇರ್ತದೆ,” ಎಂದರು.

“ಸರ್, ಹಾಗಾದ್ರೆ ಎಲ್ಲವನ್ನೂ ಮತ್ತೆ ಬರೀಬೇಕಾ?” ಎಂದು ಅವಳು ಕೇಳಿದ್ದಕ್ಕೆ, ತಪ್ಪಾದ ಸಾಲನ್ನು ಅಳಿಸದೆ ಒಂದೇ ಗೆರೆ ಎಳೆದು, ಸರಿಯಾದ ಅಂಕಿ ಬರೆದು, ಪಕ್ಕದಲ್ಲಿ ಸಹಿ ಹಾಕುವ ಕ್ರಮವನ್ನು ತೋರಿಸಿಕೊಟ್ಟರು. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಪರವಾನಗಿ ಪಡೆದಿದ್ದ ಪೈಲಟ್‌ಗಳ ಬಂಧನವಾದಾಗಿನಿಂದ ಈ ದೇಶದಲ್ಲಿ ಕಾಗದಗಳನ್ನು ಅನುಮಾನದಿಂದಲೇ ತೆರೆಯುತ್ತಾರೆ ಎಂಬುದು ಅವರ ಅಭಿಪ್ರಾಯ. ನನ್ನ ಮಟ್ಟಿಗೆ 6,000 ರೂಪಾಯಿ ಈ ಒಂದೇ ಕೆಲಸಕ್ಕೆ ಸಂದಿತು.

ಕೆಲಸಗಳ ವಿಚಾರಕ್ಕೆ ಬಂದರೆ, ಅವರ ಒಲವು ಸ್ಪಷ್ಟವಾಗಿ ಬೋಧಕ ವೃತ್ತಿಯ ಕಡೆಗೆ. ಸಹಾಯಕ ಬೋಧಕರ ರೇಟಿಂಗ್, ಅಂದರೆ ಎಎಫ್‌ಐಆರ್, ಪಡೆಯಲು ಪ್ರತ್ಯೇಕ ತರಬೇತಿ ಮತ್ತು ಪರೀಕ್ಷೆ ಬೇಕು, ಆಮೇಲೂ ಹಿರಿಯ ಬೋಧಕರ ಮೇಲ್ವಿಚಾರಣೆಯಲ್ಲಿಯೇ ದುಡಿಯಬೇಕು. ಆದರೆ ವಿದ್ಯಾರ್ಥಿಗೆ ಕಲಿಸುತ್ತಾ ಹಾರಿದ ಸಮಯ ಬೋಧಕರ ಲೆಕ್ಕದಲ್ಲಿ ಪಿಐಸಿ ಆಗಿ ಬೀಳುತ್ತದೆ, ಅದೂ ಸಂಬಳ ಪಡೆದು. ಬೆಂಗಳೂರಿನ ಜಕ್ಕೂರಿನ ಸರಕಾರಿ ಶಾಲೆ ಹಳೆಯದು. ಬೆಳಗಾವಿ ಮತ್ತು ಕಲಬುರಗಿ ವಿಮಾನ ನಿಲ್ದಾಣಗಳಲ್ಲೂ ತರಬೇತಿ ಸಂಸ್ಥೆಗಳಿಗೆ ಜಾಗ ಕೊಡಲಾಗಿದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಸಣ್ಣ ವಿಮಾನ ವಾರಗಟ್ಟಲೆ ಹ್ಯಾಂಗರ್‌ನಲ್ಲೇ ಕೂರುವ ಸಾಧ್ಯತೆ ಇರುವುದರಿಂದ, ಬೋಧಕ ಕೆಲಸ ಹುಡುಕುವವರು ಸಂಬಳಕ್ಕಿಂತ ಮೊದಲು ಆ ಊರಿನ ಹವೆಯನ್ನೂ, ಶಾಲೆಯಲ್ಲಿ ನಿಜವಾಗಿ ಹಾರುತ್ತಿರುವ ವಿಮಾನಗಳ ಸಂಖ್ಯೆಯನ್ನೂ ವಿಚಾರಿಸಬೇಕು ಎಂಬ ಸಲಹೆ ನನಗೆ ಬಹಳ ವ್ಯವಹಾರಿಕವೆನಿಸಿತು.

ಬರೀ ಹೇಳಿ ಬಿಡಲಿಲ್ಲ, ಅಲ್ಲಿಯೇ ಕೂರಿಸಿ ಪರೀಕ್ಷಿಸಿದರು. ಬೋಧಕರು ಕೂರುವುದು ಬಲಬದಿಯ ಆಸನದಲ್ಲಿ, ಆದ್ದರಿಂದ ಇಷ್ಟು ದಿನ ಬಲಗೈಯಲ್ಲಿದ್ದ ಥ್ರಾಟಲ್, ಅಂದರೆ ಎಂಜಿನ್‌ನ ಶಕ್ತಿ ಹೆಚ್ಚುಕಡಿಮೆ ಮಾಡುವ ಹಿಡಿ, ಎಡಗೈಗೆ ಬರುತ್ತದೆ. ಒಂದು ಫೈಲನ್ನು ಅವಳ ಬಲಗೈಗೆ ಕೊಟ್ಟು ಇದೇ ಕಂಟ್ರೋಲ್ ಎಂದರು, ಎಡಗೈಯನ್ನು ಮೇಜಿನ ಅಂಚಿಗೆ ಇಡಿಸಿದರು, ಸ್ಟಾಲ್‌ನಿಂದ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡ ಸ್ಥಿತಿಯಿಂದ, ಹೊರಬರುವುದನ್ನು ಮಾಡುತ್ತಲೇ ಹೇಳು ಎಂದರು. ಹಾರಿಸುತ್ತಾ ವಿವರಿಸುವ ಈ ಮಾತಿಗೆ ಅವರೆಲ್ಲ ‘ಪ್ಯಾಟರ್’ ಎನ್ನುತ್ತಾರೆ. ಮೂಗು ಇಳಿಸು, ಪೂರ್ಣ ಪವರ್ ಕೊಡು, ರೆಕ್ಕೆ ಸಮ ಮಾಡು, ಏರು ಎಂಬಷ್ಟನ್ನು ಅವಳು ಕಾರಣಗಳ ಸಮೇತ ವಿಸ್ತಾರವಾಗಿ ಹೇಳಿ ಮುಗಿಸಿದಾಗ, “ಪಾಠ ಚಂದ ಆಯ್ತು, ಅಷ್ಟರಲ್ಲಿ ವಿಮಾನ ಎಷ್ಟು ಕೆಳಗೆ ಬಂತು?” ಎಂದು ನಕ್ಕರು. ಎರಡನೆಯ ಸಲ ಅವಳ ಮಾತು ಅರ್ಧಕ್ಕಿಳಿಯಿತು, ಮೂರನೆಯ ಸಲ ಕೈಯೂ ಮಾತೂ ಒಟ್ಟಿಗೆ ಹೋದವು.

ಗಂಟೆಯ ಮೊತ್ತವನ್ನೇ ನಂಬಬೇಡಿ ಎನ್ನಲು ಅವರು ದೂರ ಹೋಗಬೇಕಾಗಿರಲಿಲ್ಲ. 2010ರ ಮೇ 22ರಂದು ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ 158 ಮಂದಿಯನ್ನು ಬಲಿ ತೆಗೆದುಕೊಂಡ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಕ್ಯಾಪ್ಟನ್‌ಗೆ 10,000 ಗಂಟೆ ಮೀರಿದ ಅನುಭವವಿತ್ತು; ಇಳಿಯುವುದನ್ನು ಕೈಬಿಡೋಣ ಎಂದು ಎಚ್ಚರಿಸಿದ್ದು ಅವರಿಗಿಂತ ಕಡಿಮೆ ಗಂಟೆಗಳ ಸಹ ಪೈಲಟ್ ಎಂಬುದನ್ನು ತನಿಖಾ ವರದಿ ದಾಖಲಿಸಿದೆ. ಬಫಲೋದ ಇಬ್ಬರು ಪೈಲಟ್‌ಗಳಿಗೂ 1,500 ಗಂಟೆಗಿಂತ ಹೆಚ್ಚೇ ಆಗಿತ್ತು. ಸಂದರ್ಶನದಲ್ಲಿ ಕೇಳುವುದು ಯಾವ ಹವೆಯಲ್ಲಿ ಹಾರಾಟವನ್ನು ರದ್ದು ಮಾಡಿದೆ, ಯಾರಿಗೆ ಬೇಡ ಎಂದೆ ಎಂಬುದನ್ನು. ಅದಕ್ಕೆ ಉತ್ತರ ಇರುವಂಥ ಕೆಲಸ ಹುಡುಕು ಎಂದರು. ಬೋಧಕರಿಗೆ ಅಂಥ ನಿರ್ಧಾರ ನಿತ್ಯದ ಪಾಡು.

ಉಳಿದ ಅವಕಾಶಗಳ ವಿವರ ಅಷ್ಟು ಗಟ್ಟಿಯಾಗಿರಲಿಲ್ಲ. ರಾಜ್ಯ ಸರಕಾರದ 2017ರ ವರ್ಷಧಾರೆ ಯೋಜನೆಯಂಥ ಮೋಡ ಬಿತ್ತನೆ ಋತುಮಾನದ್ದು, ಅದನ್ನು ನಂಬಿ ಕೂರುವಂತಿಲ್ಲ. ಹಳ್ಳಿಗಳ ಸರ್ವೆಗೆ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಬಂದಾಗಿದೆ. ಚಾರ್ಟರ್ ಕಂಪನಿಗಳ ಸಹ ಪೈಲಟ್ ಕೆಲಸ ಒಳ್ಳೆಯದಾದರೂ ಹೆಚ್ಚಾಗಿ ಪರಿಚಯದ ಮೇಲೆ ನಡೆಯುತ್ತದೆ ಎಂದಷ್ಟೇ ಹೇಳಿ ಮುಗಿಸಿದರು. ಬೋಟ್ಸ್ವಾನಾದ ಮೌನ್ ಪಟ್ಟಣದಿಂದ ಒಕವಾಂಗೋ ನದೀಮುಖಜ ಪ್ರದೇಶದ ಸಫಾರಿ ಶಿಬಿರಗಳಿಗೆ ಪ್ರವಾಸಿಗರನ್ನು ಮಣ್ಣಿನ ರನ್‌ವೇಗಳಲ್ಲಿ ಇಳಿಸುವ ಕೆಲಸಕ್ಕೆ ಹಲವು ದೇಶಗಳ ಎಳೆಯ ಪೈಲಟ್‌ಗಳು ಹೋಗುತ್ತಾರೆ, ಅದು ನಿಜಕ್ಕೂ ಗಟ್ಟಿ ಅನುಭವ; ಆದರೆ ಅಲ್ಲಿನ ಪರವಾನಗಿ ಮಾನ್ಯತೆ, ವರ್ಕ್ ಪರ್ಮಿಟ್, ಕೆಲಸ ಸಿಗುವ ತನಕದ ಊಟ ವಸತಿಯ ಖರ್ಚು ಇವುಗಳ ಬಗ್ಗೆ ಕೇಳಿದರೆ ಉತ್ತರ ತೇಲಿಹೋಯಿತು. ಹೆಣ್ಣುಮಗಳನ್ನು ಅಷ್ಟು ದೂರ ಕಳುಹಿಸುವವರು ಕೇಳುವ ಮೊದಲ ಪ್ರಶ್ನೆಗಳೇ ಇವು.

ಲಿಖಿತ ವರದಿ ನಿರಾಸೆ ತಂದಿತು. ಲಾಗ್‌ಬುಕ್ಕಿನ ಪಟ್ಟಿ ಅಚ್ಚುಕಟ್ಟಾಗಿದೆ, ಆದರೆ ಕೆಲಸಗಳ ಅಧ್ಯಾಯದಲ್ಲಿ ಬ್ಯಾನರ್ ಎಳೆಯುವುದು, ಪೈಪ್‌ಲೈನ್ ಕಾವಲು ಮುಂತಾದ ಅಮೆರಿಕದ ಪಟ್ಟಿಯೇ ಇದೆ. ಅಲ್ಲಿಗೆ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ದುಡಿಯುವ ಅವಕಾಶ ಬಹಳ ಸೀಮಿತ ಎಂದು ಅವರೇ ಬಾಯಲ್ಲಿ ಹೇಳಿದ್ದರು.

ನನ್ನ ಮುಖ್ಯ ತಕರಾರು ಬೇರೆಯದು. ಅವರು ಚಹಾಕ್ಕೆಂದು ಎದ್ದು ಹೋದಾಗ ಹೊರಗಿನ ಮೇಜಿನ ಸಹಾಯಕ ಒಂದು ಕರಪತ್ರ ತಂದು ಮುಂದಿಟ್ಟ: ಹೊರದೇಶದಲ್ಲಿ ಜೋಡಿ ಎಂಜಿನ್ ವಿಮಾನದ ಗಂಟೆಗಳನ್ನು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ ಪ್ಯಾಕೇಜ್. ದುಡ್ಡು ಕೊಟ್ಟು ಗಂಟೆ ಕೂಡಿಸುವುದು ಸಾಲದವರಿಗೆ ಬೇಡ ಎಂದು ಒಳಗೆ ಕೇಳಿದ್ದೇ ಆಗಿತ್ತು. “ಇದರಲ್ಲಿ ನಿಮಗೆ ಕಮಿಷನ್ ಉಂಟಾ ಮಾರಾಯ್ರೇ?” ಎಂದು ಅವರು ಮರಳಿದ ಮೇಲೆ ನೇರವಾಗಿ ಕೇಳಿದೆ. ಉಂಟು ಎಂದು ಮುಜುಗರವಿಲ್ಲದೆ ಒಪ್ಪಿದರು. ಒಪ್ಪಿದ್ದು ಮೆಚ್ಚಬೇಕಾದ್ದೇ, ಆದರೆ ಸಲಹೆಗೆ ಶುಲ್ಕ ಪಡೆಯುವವರು ಅದನ್ನು ಕೇಳುವ ಮೊದಲೇ ಹೇಳಬೇಕು, ಗೋಡೆಯ ಮೇಲೆ ದರಪಟ್ಟಿಯ ಕೆಳಗೆ ಬರೆದು ಹಾಕಬೇಕು. ಕೆಲಸದ ಪತ್ರ ಕೈಗೆ ಬರುವ ಮೊದಲು ಸ್ವಂತ ಖರ್ಚಿನಲ್ಲಿ ಟೈಪ್ ರೇಟಿಂಗ್ ಮಾಡಿಸಿಕೊಳ್ಳಲು ಅವರು ಒತ್ತಾಯಿಸಲಿಲ್ಲ ಎಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು.

ಲಾಗ್‌ಬುಕ್ ಸರಿಪಡಿಸಿಕೊಳ್ಳಬೇಕಾದವರು ಮತ್ತು ಬೋಧಕ ವೃತ್ತಿಯ ಬಗ್ಗೆ ಯೋಚಿಸುತ್ತಿರುವವರು ಧೈರ್ಯವಾಗಿ ಹೋಗಬಹುದು. ಚಾರ್ಟರ್ ಅಥವಾ ಆಫ್ರಿಕಾದ ಕೆಲಸವೇ ಗುರಿಯಾಗಿದ್ದರೆ ಅಲ್ಲಿ ಈಗಾಗಲೇ ಹಾರುತ್ತಿರುವ ಒಬ್ಬರನ್ನು ಹುಡುಕಿ ಮಾತಾಡುವುದು ಲೇಸು. ಮೊದಲೇ ಫೋನ್ ಮಾಡಿ ಸಮಯ ಗೊತ್ತುಪಡಿಸಿಕೊಳ್ಳಬೇಕು. ಲಾಗ್‌ಬುಕ್ಕಿನ ಜೆರಾಕ್ಸ್ ನಡೆಯುವುದಿಲ್ಲ, ಮೂಲ ಪುಸ್ತಕವನ್ನೇ ಒಯ್ಯಬೇಕು. ಕ್ಲಾಸ್ 1 ಮೆಡಿಕಲ್ (ಪೈಲಟ್‌ಗಳ ವೈದ್ಯಕೀಯ ಪ್ರಮಾಣಪತ್ರ) ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್‌ನ ಅವಧಿ ಮುಗಿಯುವ ದಿನಾಂಕಗಳನ್ನು ಬರೆದುಕೊಂಡು ಹೋದರೆ ಅವರ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿದ್ಧವಿರುತ್ತದೆ. ಕರಪತ್ರವನ್ನು ಅಲ್ಲಿಯೇ ಬಿಟ್ಟು ಬರಬಹುದು, ಯಾರೂ ಬೇಸರಿಸಿಕೊಳ್ಳುವುದಿಲ್ಲ.